ಕಡಿದರೆ ಸಾಲದು, ಬೊಡ್ಡೆಗೆ ಔಷಧಿ ಬೀಳಬೇಕು

ಬಳ್ಳಾರಿ ಜಾಲಿ ಕಡಿದವರಿಗೆ ಈ ಗೋಳು ಗೊತ್ತು. ಇವತ್ತು ನೆಲಸಮ ಮಾಡಿದರೆ ಮಳೆ ಬಿದ್ದ ಮೇಲೆ ಅದೇ ಬುಡದಲ್ಲಿ ಒಂದರ ಬದಲು ಹತ್ತು ಚಿಗುರು. ಜಾಲಿ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂತು. ಹಾಗೆಯೇ ಏಷ್ಯಾ, ಯುರೋಪ್ ಕಡೆಯಿಂದ ಅಮೆರಿಕದ ನೈರುತ್ಯ ಮರುಭೂಮಿಗೆ ಹೋಗಿ ಬೇರೂರಿದ ಎರಡು ಗಿಡಗಳಿವೆ: ಟ್ಯಾಮರಿಸ್ಕ್ ಮತ್ತು ರಷ್ಯನ್ ಆಲಿವ್. ಅಂದಕ್ಕೆ, ಗಾಳಿ ತಡೆಯಲಿಕ್ಕೆ, ದಡ ಕೊರೆಯದಿರಲಿ ಅಂತ ಜನರೇ ನೆಟ್ಟರು. ಈಗ ಅವನ್ನು ಕೀಳುವುದೇ ಒಂದು ಕಸುಬು. ಅಲ್ಲಿನ ಯೂಟಾ ರಾಜ್ಯದ ಎಸ್ಕಲಾಂಟೆ ನದಿಯ ಕಣಿವೆಯಲ್ಲಿ ಕೆಲಸದವರು ಗರಗಸ ಹೊತ್ತು ನಡೆದೇ ಹೋಗಿ ರಷ್ಯನ್ ಆಲಿವ್ ತೆಗೆದಿದ್ದಾರೆ.

ಹೇಗೆ ತೆಗೆಯುತ್ತಾರೆ ನೋಡೋಣ.

ಮೊದಲು ಸುಮ್ನೆ ನಡೆಯಿರಿ

ಗರಗಸ ಮನೆಯಲ್ಲೇ ಇರಲಿ. ದಡದ ಉದ್ದಕ್ಕೂ ನಡೆದು ಎಲ್ಲಿ ಏನಿದೆ ಅಂತ ಗುರುತು ಹಾಕಿಕೊಳ್ಳಿ. ಮುಖ್ಯವಾಗಿ, ಅಲ್ಲಿಯದೇ ಆದ ವಿಲ್ಲೊ, ಕಾಟನ್‌ವುಡ್ ಮರಗಳು ಎಷ್ಟು ಉಳಿದಿವೆ? ಅವು ಇರುವ ಕಡೆಯಿಂದಲೇ ಕೆಲಸ ಶುರುವಾಗಲಿ. ಸುತ್ತಲಿನ ಪೊದೆ ತೆಗೆದರೆ ಜಾಗ ತುಂಬಲಿಕ್ಕೆ ಅವೇ ಇವೆ.

ಏನೂ ಉಳಿಯದ ಕಡೆ ಅವಸರ ಬೇಡ. ಇದಕ್ಕೊಂದು ಕಥೆಯಿದೆ. 2001ರಲ್ಲಿ ಟ್ಯಾಮರಿಸ್ಕ್ ಎಲೆ ತಿನ್ನುವ ದುಂಬಿಯನ್ನು ಬಯಲಿಗೆ ಬಿಟ್ಟರು. ದುಂಬಿ ಚೆನ್ನಾಗಿಯೇ ಮೇಯಿತು. ಆದರೆ 1995ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಒಂದು ನೊಣಹಿಡುಕ ಹಕ್ಕಿ, ವಿಲ್ಲೊ ಇಲ್ಲದ ಕಡೆ ಟ್ಯಾಮರಿಸ್ಕ್‌ನಲ್ಲೇ ಗೂಡು ಕಟ್ಟುತ್ತಿತ್ತು. ಆ ಗೂಡಿಗೆ ಕುತ್ತು ಬರುತ್ತದೆಂದು 2010ರಲ್ಲಿ ಅಮೆರಿಕದ ಕೃಷಿ ಇಲಾಖೆ ರಾಜ್ಯದಿಂದ ರಾಜ್ಯಕ್ಕೆ ದುಂಬಿ ಒಯ್ಯುವ ಅನುಮತಿಯನ್ನೇ ನಿಲ್ಲಿಸಿತು. ಹಾಗಾಗಿ ದಡವನ್ನು ತುಂಡು ತುಂಡಾಗಿ ತೆರವು ಮಾಡಿ. ಒಂದು ತುಂಡಿನಲ್ಲಿ ವಿಲ್ಲೊ ಎದ್ದ ಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಕಾಲ ನೋಡಿ

ವಸಂತದಿಂದ ಬೇಸಿಗೆ ಮುಗಿಯುವವರೆಗೆ ಹಕ್ಕಿಗಳ ಗೂಡಿನ ಕಾಲ, ಆಗ ಕಡಿಯಬೇಡಿ. ಜುಲೈ ಬಂತೆಂದರೆ ಎಲ್ಲೋ ದೂರದ ಮಳೆಗೆ ಕಣಿವೆಯಲ್ಲಿ ಏಕಾಏಕಿ ನೆರೆ ಬರಬಹುದು. ಬಿಸಿಲು ಇಳಿದ ಶರತ್ಕಾಲವೇ ವಾಸಿ. ಆಗ ಮರ ಆಹಾರವನ್ನು ಬೇರಿಗೆ ಇಳಿಸುತ್ತಿರುತ್ತದೆ, ಔಷಧಿಯೂ ಜೊತೆಗೇ ಇಳಿಯುತ್ತದೆ.

ಬೊಡ್ಡೆ ಮತ್ತು ಗಡಿಯಾರ

ಇದೇ ಅಸಲಿ ಕೆಲಸ. ಇಬ್ಬರು ಬೇಕು, ಒಬ್ಬರು ಕೊಯ್ಯಲು, ಇನ್ನೊಬ್ಬರು ಹಚ್ಚಲು. ನೆಲದಿಂದ ಐದು ಸೆಂಟಿಮೀಟರ್ ಒಳಗೆ, ಮಟ್ಟಸವಾಗಿ ಕೊಯ್ಯಿರಿ. ಗರಗಸದ ಹುಡಿ, ಮಣ್ಣು ಒರೆಸಿ. ಕೂಡಲೇ ಟ್ರೈಕ್ಲೋಪಿರ್‌ನಂಥ ಕಳೆನಾಶಕ ಹಚ್ಚಿ. ಕೂಡಲೇ ಅಂದರೆ ಐದು ಹತ್ತು ನಿಮಿಷದೊಳಗೆ. ಊಟ ಮುಗಿಸಿ ಬಂದು ಹಚ್ಚುತ್ತೇವೆ ಅಂದರೆ ಆಗುವುದಿಲ್ಲ. ಅಷ್ಟರಲ್ಲಿ ಗಾಯ ಒಣಗಿ ಔಷಧಿ ಒಳಗೆ ಹೋಗದು. ತೊಗಟೆಯ ಒಳಮೈಗೆ ಅಂಟಿದ ತೆಳು ಪದರ ಒದ್ದೆಯಾಗಲೇಬೇಕು, ಮರದ ಜೀವ ಇರುವುದು ಅಲ್ಲೇ. ನಡುವಿನ ಗಟ್ಟಿ ತಿರುಳಿಗೆ ಸುರಿದರೆ ದಂಡ. ಔಷಧಿಗೆ ನೀಲಿ ಬಣ್ಣ ಬೆರೆಸಿಕೊಂಡರೆ ಯಾವ ಬೊಡ್ಡೆ ಬಿಟ್ಟುಹೋಯಿತು ಅಂತ ಕಣ್ಣಿಗೇ ಕಾಣುತ್ತದೆ.

ಪಕ್ಕದಲ್ಲೇ ನೀರು ಹರಿಯುತ್ತಿರುತ್ತದೆ, ಮರೆಯಬೇಡಿ. ನೀರಿನ ಬಳಿ ಬಳಸಲು ಒಪ್ಪಿಗೆಯಿರುವ ಔಷಧಿಯನ್ನೇ, ಡಬ್ಬಿಯ ಮೇಲೆ ಬರೆದಷ್ಟೇ ಬಳಸಿ. ಸರ್ಕಾರಿ ಜಾಗವಾದರೆ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಸಣ್ಣ ಸಸಿಗಳಿಗೆ ಔಷಧಿಯೇ ಬೇಡ. ಮಣ್ಣು ಹಸಿಯಿದ್ದಾಗ ಬೇರುಸಮೇತ ಕಿತ್ತರಾಯಿತು.

ಕಡಿದ ಕೊಂಬೆಗಳನ್ನು ನೆರೆ ಮುಟ್ಟದ ಎತ್ತರಕ್ಕೆ ಎಳೆದು ರಾಶಿ ಹಾಕಿ. ಅನುಮತಿ ಇದ್ದರೆ ಚಳಿಗಾಲದಲ್ಲಿ ಸುಡುತ್ತಾರೆ.

ಖಾಲಿ ಬಿಟ್ಟರೆ ಕಳೆ

ಬರಿದಾದ ನೆಲಕ್ಕೆ ಬೇರೆ ಕಳೆ ನುಗ್ಗುತ್ತದೆ. ಅದಕ್ಕೇ ಚಳಿಗಾಲದಲ್ಲಿ, ಎಲೆ ಉದುರಿ ಮಲಗಿದ ವಿಲ್ಲೊದಿಂದ ಉದ್ದನೆ ಕಡ್ಡಿ ಕತ್ತರಿಸಿ, ಹಾರೆಯಿಂದ ಕುಳಿ ತೋಡಿ, ಬುಡ ಅಂತರ್ಜಲ ಮುಟ್ಟುವಷ್ಟು ಆಳಕ್ಕೆ ಊರಬೇಕು. ಮೇಲಿನ ಒಣ ಮರಳಲ್ಲಿ ನೆಟ್ಟರೆ ಮೊದಲ ಬೇಸಿಗೆಗೇ ಕಡ್ಡಿ ಸೌದೆ.

ಕಾಟನ್‌ವುಡ್ ವಿಷಯದಲ್ಲಿ ನೆರೆ ಬಂದರೆ ಒಳ್ಳೆಯದು. ವಸಂತದ ನೆರೆ ಇಳಿದ ಮೇಲಿನ ಒದ್ದೆ ಬರಿ ಮರಳಲ್ಲೇ ಅದರ ಬೀಜ ಮೊಳೆಯುವುದು. ಅಣೆಕಟ್ಟು ಆ ನೆರೆ ತಡೆದರೆ ಅದಕ್ಕೆ ಮೊಳೆಯಲು ಜಾಗವೇ ಇಲ್ಲ. ಟ್ಯಾಮರಿಸ್ಕ್ ಹಾಗಲ್ಲ, ಬೇಸಿಗೆಯುದ್ದಕ್ಕೂ ಬೀಜ ಉದುರಿಸುತ್ತಲೇ ಇರುತ್ತದೆ. ತಪ್ಪೆಲ್ಲ ಗಿಡದ್ದೇ ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಟ್ಯಾಮರಿಸ್ಕ್ ತೆಗೆದರೆ ನದಿಗೆ ನೀರು ಉಳಿಯುತ್ತದೆ ಅಂತ ಬಹಳ ಜನ ನಂಬಿದ್ದರು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 2010ರಲ್ಲಿ ಲೆಕ್ಕ ಹಾಕಿ ಹೇಳಿದ್ದು ಬೇರೆ: ಟ್ಯಾಮರಿಸ್ಕ್ ಹೀರುವ ನೀರು ಅಲ್ಲಿಯದೇ ಆದ ಮರಗಳಿಗಿಂತ ಅಂಥಾ ಜಾಸ್ತಿ ಏನಲ್ಲ. ನೀರಿನ ಆಸೆಗೆ ಇಳಿದರೆ ನಿರಾಸೆಯೇ. ಹಕ್ಕಿಗೆ, ವಿಲ್ಲೊಗೆ ಜಾಗ ಮಾಡಿಕೊಡಲು ಇಳಿದರೆ ಸರಿ.

ಮತ್ತೆ ಹೋಗಿ

ಮುಂದಿನ ವರ್ಷ ಅದೇ ದಾರಿ ಹಿಡಿಯಿರಿ. ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಬೊಡ್ಡೆ ಚಿಗುರಿರುತ್ತವೆ. ಮೇಲಿನಿಂದ ತೇಲಿಬಂದ ಬೀಜ ಬೇರೆ ಮೊಳೆತಿರುತ್ತದೆ. ಅದಕ್ಕೇ ಕೆಲಸ ಯಾವಾಗಲೂ ನದಿಯ ಮೇಲ್ಭಾಗದಿಂದ ಕೆಳಕ್ಕೆ. ಎರಡನೇ ಸಲ ದೊಡ್ಡ ಗರಗಸ ಹೊರುವುದು ಬೇಕಿಲ್ಲ, ಕೈಗರಗಸ, ನೀಲಿ ಔಷಧಿಯ ಬಾಟಲಿ ಇದ್ದರೆ ಸಾಕು.