ಕಾಂಪ್ಲೆಕ್ಸ್ ಕಂಪನಿಗೆ ಜಾಗ ಕೊಡುವ ಮುನ್ನ ಅದರ ಲೆಕ್ಕ ಓದುವುದು ಹೇಗೆ

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯಲ್ಲಿ ಮುಖ್ಯರಸ್ತೆಗೆ ತಾಗಿದ ಜಾಗ ಇದ್ದವರನ್ನು ವಾಣಿಜ್ಯ ಕಟ್ಟಡ ಕಟ್ಟುವ ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಜಾಗವನ್ನು ದೀರ್ಘಾವಧಿ ಲೀಸಿಗೆ ಕೊಡಿ, ಜಂಟಿ ಅಭಿವೃದ್ಧಿಗೆ ಕೊಡಿ, ಇಲ್ಲವೇ ಕಾಫಿ ಮಾರಿದ ಹಣವನ್ನು ನಮ್ಮಲ್ಲಿ ಹೂಡಿ ಎಂದು ಕೇಳುತ್ತವೆ. ಜೊತೆಗೆ ತಮ್ಮ ಕಟ್ಟಡಗಳ ಬಣ್ಣದ ಚಿತ್ರ ತೋರಿಸುತ್ತವೆ. ಆ ಚಿತ್ರಗಳನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಹಿಡಿದು ಕೂರಬೇಕು: ದೊಡ್ಡ ಬಾಡಿಗೆದಾರನೊಬ್ಬ ಖಾಲಿ ಮಾಡಿ ಹೋದ ತಿಂಗಳೂ ಬ್ಯಾಂಕಿನ ಕಂತು ಕಟ್ಟಲು ಈ ಕಂಪನಿಯ ಕೈಯಲ್ಲಿ ಹಣ ಇರುತ್ತದೆಯೇ?

ಕಂಪನಿಯಿಂದ ಕೇಳಿ ಪಡೆಯಬೇಕಾದವು ಇವು: ಟಿಪ್ಪಣಿಗಳ ಸಮೇತ 3 ವರ್ಷದ ಆಡಿಟ್ ವರದಿ, ಬಾಡಿಗೆದಾರರ ಪೂರ್ತಿ ಪಟ್ಟಿ, ಪ್ರತಿ ಸಾಲದ ಮಂಜೂರಾತಿ ಪತ್ರ ಮತ್ತು ಕಂತಿನ ಪಟ್ಟಿ, 26ಎಎಸ್ (ಮೂಲದಲ್ಲೇ ಕಡಿತವಾದ ತೆರಿಗೆ, ಅಂದರೆ ಟಿಡಿಎಸ್, ತೋರಿಸುವ ಆದಾಯ ತೆರಿಗೆ ಇಲಾಖೆಯ ಪಟ್ಟಿ), ಜಿಎಸ್‌ಟಿ ರಿಟರ್ನ್, 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೇ ಕೈಬಿಡುವುದು ಲೇಸು. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ 100 ರೂ. ಕಟ್ಟಿ ಅದು ಸಲ್ಲಿಸಿದ ಲೆಕ್ಕಪತ್ರಗಳನ್ನು ನೀವೇ ನೋಡಬಹುದು. ಯಾವ ಬ್ಯಾಂಕಿಗೆ ಏನನ್ನು ಒತ್ತೆ ಇಟ್ಟಿದೆ ಎಂಬ ಚಾರ್ಜ್ ಪಟ್ಟಿಯೂ ಅಲ್ಲೇ ಇದೆ. ಪಾಲುದಾರಿಕೆ ಸಂಸ್ಥೆಯ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಹೆಚ್ಚು ಹೊತ್ತು ಬೇಡುವುದು ಬಾಡಿಗೆದಾರರ ಪಟ್ಟಿ. ಪ್ರತಿ ಮಳಿಗೆಗೆ ಚದರಡಿ, ಬಾಡಿಗೆ, ಕರಾರು ಮುಗಿಯುವ ದಿನ, ಲಾಕ್-ಇನ್ ಮುಗಿಯುವ ದಿನ, ಕೊಟ್ಟ ಅಡ್ವಾನ್ಸ್ ಬರೆದುಕೊಳ್ಳಿ. 9 ವರ್ಷದ ಕರಾರು ಎಂದಿದ್ದರೂ ಲಾಕ್-ಇನ್ 3 ವರ್ಷ ಮಾತ್ರ ಇದ್ದರೆ, ಆಮೇಲೆ ಬಾಡಿಗೆದಾರ ನೋಟಿಸ್ ಕೊಟ್ಟು ಹೊರಡಬಹುದು. ಹಾಗಾಗಿ ನಂಬಬಹುದಾದ ಆದಾಯ ಲಾಕ್-ಇನ್ ತನಕದ್ದು. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಿರಲೇಬೇಕು. ಪಟ್ಟಿಯ ತುಂಬ 11 ತಿಂಗಳ ಕರಾರುಗಳೇ ಇದ್ದರೆ ಆ ಬಾಡಿಗೆಗೆ ಗಟ್ಟಿ ಆಧಾರ ಇಲ್ಲ.

ಬರೆದ ಬಾಡಿಗೆ ನಿಜಕ್ಕೂ ಬರುತ್ತಿದೆಯೇ ಎಂದು ನೋಡಲು ಒಳ್ಳೆಯ ದಾರಿಯಿದೆ. ಬ್ಯಾಂಕ್, ಚಿನ್ನದಂಗಡಿ, ಬಟ್ಟೆ ಸರಣಿ ಮಳಿಗೆಯಂಥ ದೊಡ್ಡ ಬಾಡಿಗೆದಾರರು ಕಟ್ಟಡದ ಬಾಡಿಗೆ ಮೇಲೆ ಶೇ 10 ಟಿಡಿಎಸ್ ಹಿಡಿಯುತ್ತಾರೆ. ಅದು ಕಂಪನಿಯ 26ಎಎಸ್‌ನಲ್ಲಿ ಹೆಸರು ಸಮೇತ ಕಾಣುತ್ತದೆ. ಆ ಮೊತ್ತವನ್ನು 10ರಿಂದ ಗುಣಿಸಿದರೆ ವರ್ಷದ ಬಾಡಿಗೆ. ಪಟ್ಟಿಯಲ್ಲಿ 24 ಲಕ್ಷ ಬರೆದು 26ಎಎಸ್‌ನಲ್ಲಿ 1.5 ಲಕ್ಷ ಟಿಡಿಎಸ್ ಇದ್ದರೆ ಬಂದದ್ದು 15 ಲಕ್ಷ ಎಂದಾಗುತ್ತದೆ. ಉಳಿದ 9 ಲಕ್ಷ ಎಲ್ಲಿ ಎಂದು ಕೇಳಿ. ಸಣ್ಣ ಅಂಗಡಿಗಳಿಗೆ ಇದು ಅನ್ವಯಿಸದು, ಅವನ್ನು ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕ್ ಜಮೆಯೊಂದಿಗೆ ತಾಳೆ ನೋಡಿ.

ಈಗ ಲೆಕ್ಕ. ಉದಾಹರಣೆಗೆ 20,000 ಚದರಡಿಯ ಒಂದು ಕಾಂಪ್ಲೆಕ್ಸ್ ಇಟ್ಟುಕೊಳ್ಳೋಣ. 2,000 ಚದರಡಿ ಖಾಲಿ. ಉಳಿದ 18,000ಕ್ಕೆ ತಿಂಗಳಿಗೆ ಚದರಡಿಗೆ 45 ರೂ. ಅಂದರೆ ವರ್ಷಕ್ಕೆ 97.2 ಲಕ್ಷ. ಕಟ್ಟಡ ತೆರಿಗೆ, ವಿಮೆ, ಲಿಫ್ಟ್, ಕಾವಲು, ಜನರೇಟರ್ ಡೀಸೆಲ್, ದುರಸ್ತಿಗೆ 17.2 ಲಕ್ಷ ಕಳೆದರೆ ಉಳಿಯುವ ನಿವ್ವಳ ಬಾಡಿಗೆ 80 ಲಕ್ಷ. ಸಾಲ 5 ಕೋಟಿ, ಬಡ್ಡಿ ಶೇ 9.5, ಅವಧಿ 12 ವರ್ಷ. ತಿಂಗಳ ಕಂತು ಸುಮಾರು 5.83 ಲಕ್ಷ, ವರ್ಷಕ್ಕೆ 70 ಲಕ್ಷ.

ಕಂಪನಿಯವರು ಇಲ್ಲಿ ಬಡ್ಡಿಯನ್ನಷ್ಟೇ ಎತ್ತಿ ತೋರಿಸುತ್ತಾರೆ. ಮೊದಲ ವರ್ಷದ ಬಡ್ಡಿ 46.5 ಲಕ್ಷ, ಬಾಡಿಗೆ ಅದರ 1.7 ಪಟ್ಟು, ಆರಾಮ ಎನ್ನುತ್ತಾರೆ. ಆದರೆ ಬ್ಯಾಂಕಿಗೆ ಅಸಲೂ ಹೋಗಬೇಕಲ್ಲ! 80ನ್ನು 70ರಿಂದ ಭಾಗಿಸಿದರೆ 1.14. ಬ್ಯಾಂಕಿನವರು ಡಿಎಸ್‌ಸಿಆರ್ ಎನ್ನುವುದು ಇದಕ್ಕೇ. 1.25ಕ್ಕಿಂತ ಮೇಲಿದ್ದರೆ ನೆಮ್ಮದಿ, 1.1ರ ಆಸುಪಾಸು ಎಂದರೆ ಅಂಚಿನ ಮೇಲಿನ ನಡಿಗೆ. 3,000 ಚದರಡಿ ಹಿಡಿದ ಒಬ್ಬ ಬಾಡಿಗೆದಾರ ಹೋದ ಎನ್ನಿ: ವರ್ಷಕ್ಕೆ 16.2 ಲಕ್ಷ ಖೋತಾ. ಲಿಫ್ಟು, ಕಾವಲಿನ ಖರ್ಚು ಕಡಿಮೆಯಾಗದು. ಉಳಿಯುವುದು 63.8 ಲಕ್ಷ, ಅನುಪಾತ 0.91. ಕಂತಿಗೆ ಕೈಯಿಂದ ಹಾಕಬೇಕು. ಬಾಡಿಗೆದಾರ ಇದ್ದು ಬಡ್ಡಿ ಮಾತ್ರ ಶೇ 9.5ರಿಂದ 10.5ಕ್ಕೆ ಏರಿದರೂ ಅನುಪಾತ 1.09ಕ್ಕೆ ಇಳಿಯುತ್ತದೆ. ಈ ಎರಡು ಪರೀಕ್ಷೆಯನ್ನು ಕಂಪನಿಯ ಪ್ರತಿ ಕಟ್ಟಡಕ್ಕೂ ಮಾಡಿ, ಆಮೇಲೆ ಒಟ್ಟು ಕಂಪನಿಗೆ ಮಾಡಿ.

ಕಟ್ಟಡದ ಬೆಲೆ ಹೇಳುವಾಗ ಎಚ್ಚರ. 80 ಲಕ್ಷ ನಿವ್ವಳ ಬಾಡಿಗೆ ಕಟ್ಟಡದ ಬೆಲೆಯ ಶೇ 9 ಎಂಬ ದರ ಹಿಡಿದರೆ ಬೆಲೆ 8.89 ಕೋಟಿ, ಸಾಲ ಅದರ ಶೇ 56. ಶೇ 10 ಹಿಡಿದರೆ ಬೆಲೆ 8 ಕೋಟಿ, ಸಾಲ ಶೇ 62.5. ಕಟ್ಟಡವೂ ಸಾಲವೂ ಅವೇ, ಮೌಲ್ಯಮಾಪಕರ ಒಂದು ಅಂಕಿ ಬದಲಾಯಿತಷ್ಟೇ. ಆದ್ದರಿಂದ ಮೌಲ್ಯಮಾಪನ ವರದಿಯಲ್ಲಿ ಯಾವ ದರ ಹಿಡಿದಿದ್ದಾರೆ ಎಂದು ಮೊದಲು ಹುಡುಕಿ.

ಆಡಿಟ್ ವರದಿಯನ್ನು ಹಿಂದಿನಿಂದ ಓದುವುದು ಒಳ್ಳೆಯದು. ಕಾನೂನಿನ ಪ್ರಕಾರ 'ಸಣ್ಣ ಕಂಪನಿ' ಎನಿಸಿಕೊಂಡವನ್ನೂ ವಿನಾಯಿತಿ ಇರುವ ಇನ್ನು ಕೆಲವನ್ನೂ ಬಿಟ್ಟರೆ ಆಡಿಟರು ಕೇರೋ 2020 ಎಂಬ ಅನುಬಂಧ ಬರೆಯಬೇಕು. ಯಾವ ಆಸ್ತಿಯ ಕ್ರಯಪತ್ರ ಕಂಪನಿಯ ಹೆಸರಿನಲ್ಲಿಲ್ಲ, ಸಾಲದ ಕಂತು ತಪ್ಪಿದೆಯೇ, ತೆರಿಗೆ ಬಾಕಿ ಇದೆಯೇ, ಒಂದು ವರ್ಷದೊಳಗಿನ ಬಾಧ್ಯತೆ ತೀರಿಸುವ ಶಕ್ತಿ ಇದೆಯೇ ಎಂಬುದು ಅಲ್ಲಿರುತ್ತದೆ. ಟಿಪ್ಪಣಿಗಳಲ್ಲಿ ಬರಬೇಕಾದ ಬಾಕಿಯ ವಯಸ್ಸಿನ ಪಟ್ಟಿ ನೋಡಿ; 6 ತಿಂಗಳು ದಾಟಿದ ಬಾಡಿಗೆ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಕಾಗದದ ಲಾಭ ಕೈಗೆ ಬರುತ್ತಿಲ್ಲ ಎಂದರ್ಥ. ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಲೆಕ್ಕ ಇಡುವ ಕಂಪನಿಗಳಲ್ಲಿ ಬಾಡಿಗೆರಹಿತ ತಿಂಗಳಿಗೂ ಆದಾಯ ತೋರಿಸುವ ಪದ್ಧತಿ ಇರುವುದರಿಂದ ನಗದು ಹರಿವಿನ ಪಟ್ಟಿಯನ್ನೇ ನಂಬಿ.

ಅಡ್ವಾನ್ಸ್ ಹಣ ಬಹಳ ಜನರ ಕಣ್ಣು ತಪ್ಪುತ್ತದೆ. ಬಾಡಿಗೆದಾರರು ಕೊಟ್ಟ 6ರಿಂದ 10 ತಿಂಗಳ ಅಡ್ವಾನ್ಸ್ ಕಂಪನಿಗೆ ಸಾಲವೇ. ಅದನ್ನು ಮುಂದಿನ ಕಟ್ಟಡದ ಸಿಮೆಂಟಿಗೆ ಸುರಿದಿದ್ದರೆ, ಖಾಲಿ ಮಾಡುವವನಿಗೆ ಹಿಂತಿರುಗಿಸಲು ಇನ್ನೊಬ್ಬನಿಂದ ಅಡ್ವಾನ್ಸ್ ತರಬೇಕಾಗುತ್ತದೆ. ಒಟ್ಟು ಅಡ್ವಾನ್ಸನ್ನು ಬ್ಯಾಂಕಿನಲ್ಲಿರುವ ನಗದಿನ ಪಕ್ಕ ಇಟ್ಟು ನೋಡಿ.

ಸಾಲಕ್ಕೆ ರೇಟಿಂಗ್ ಇದ್ದರೆ ರೇಟಿಂಗ್ ಸಂಸ್ಥೆಗಳ ಜಾಲತಾಣದಲ್ಲಿ ಕಾರಣ ಸಮೇತ ಉಚಿತವಾಗಿ ಸಿಗುತ್ತದೆ. 'ಇಶ್ಯೂಯರ್ ನಾಟ್ ಕೋಆಪರೇಟಿಂಗ್' ಎಂಬ ಹಣೆಪಟ್ಟಿ ಅಂಟಿದ್ದರೆ ಕಂಪನಿ ಆ ಸಂಸ್ಥೆಗೇ ಮಾಹಿತಿ ಕೊಟ್ಟಿಲ್ಲ. ನಿಮಗೆ ಕೊಡುವ ಮಾಹಿತಿಯನ್ನು ಎಷ್ಟು ನಂಬುತ್ತೀರಿ?

ಕೊಡಗಿನಲ್ಲಿ ಇನ್ನೆರಡು ವಿಷಯ ಸೇರಿಸಿಕೊಳ್ಳಬೇಕು. ಮೊದಲನೆಯದು ಜಾಗ. ಕಂಪನಿ ತನ್ನ ಆಸ್ತಿ ಎಂದು ತೋರಿಸುವ ಜಾಗ ಜಮ್ಮಾ ಬಾಣೆಯೇ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ), ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಪರವಾಗಿ ಹೆಸರಿರುವವರ) ಜೊತೆ ಯಾರ ಯಾರ ಹೆಸರಿದೆ, ಕುಟುಂಬದವರೆಲ್ಲ ಸಹಿ ಹಾಕಿದ್ದಾರೆಯೇ, ಭೂಪರಿವರ್ತನೆ ಆದೇಶ ಇದೆಯೇ ಎಂದು ನೋಡಿ. ಇವಿಲ್ಲದ ಜಾಗವನ್ನು ಬ್ಯಾಂಕ್ ಆಧಾರವಾಗಿ ಒಪ್ಪುವುದು ಕಷ್ಟ. ಲೆಕ್ಕಪುಸ್ತಕದಲ್ಲಿ ಆಸ್ತಿ ಇದ್ದೂ ಕಷ್ಟಕಾಲಕ್ಕೆ ಒದಗದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಯಿರಿ, ನೋಂದಣಿಯಾಗದೆ ಮೂಲಪತ್ರ ಒತ್ತೆ ಇಟ್ಟ ಸಾಲ ಅದರಲ್ಲಿ ಕಾಣದಿರಬಹುದು, ಅದಕ್ಕೆ ಬ್ಯಾಂಕುಗಳು ಒತ್ತೆ ಆಸ್ತಿಗಳನ್ನು ದಾಖಲಿಸುವ ಕೇಂದ್ರ ನೋಂದಣಿ ಸೆರ್ಸಾಯ್‌ನಲ್ಲೂ ಹುಡುಕಿ.

ಎರಡನೆಯದು ಮಳೆ. 2018ರ ಆಗಸ್ಟ್ ಭೂಕುಸಿತದ ನಂತರ ಪ್ರವಾಸಿಗರು ಬರದೆ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಬಾಡಿಗೆದಾರರಲ್ಲಿ ಹೋಟೆಲ್, ಸ್ಪೈಸ್ ಅಂಗಡಿ, ಪ್ರವಾಸಿಗರನ್ನೇ ನಂಬಿದವರು ಎಷ್ಟು ಎಂದು ಎಣಿಸಿ, ಜೂನ್‌ನಿಂದ ಆಗಸ್ಟ್‌ವರೆಗಿನ ಬಾಡಿಗೆ ಜಮೆಯನ್ನು ಬೇರೆಯಾಗಿ ಕೂಡಿ. ವಿಮೆ ಪಾಲಿಸಿಯ ಷೆಡ್ಯೂಲಿನಲ್ಲಿ ಬಿರುಗಾಳಿ, ನೆರೆ, ಭೂಕುಸಿತ ಇದೆಯೇ, ಬಾಡಿಗೆ ನಷ್ಟಕ್ಕೂ ರಕ್ಷಣೆ ಇದೆಯೇ ಎಂದು ಓದಿ. ಜಡಿಮಳೆಯ ಊರಿನಲ್ಲಿ ತಾರಸಿ ಜಲನಿರೋಧಕ ಲೇಪನಕ್ಕೆ, ಬಣ್ಣಕ್ಕೆ ಹಣವನ್ನೇ ತೆಗೆದಿಡದ ಲೆಕ್ಕದಲ್ಲಿ ನಿವ್ವಳ ಬಾಡಿಗೆ ಉಬ್ಬಿರುತ್ತದೆ.

ಹಣ ಹೂಡುವುದಷ್ಟೇ ಉದ್ದೇಶವಾದರೆ ಷೇರುಪೇಟೆಯಲ್ಲಿ ನೋಂದಾಯಿತ ರೀಟ್ (ಹಲವರ ಹಣ ಕೂಡಿಸಿ ಬಾಡಿಗೆ ಕಟ್ಟಡಗಳನ್ನು ಹೊಂದುವ ಟ್ರಸ್ಟ್) ನೋಡಬಹುದು. ಸೆಬಿ ನಿಯಮದಂತೆ ಅದರ ಆಸ್ತಿಯ ಕನಿಷ್ಠ ಶೇ 80 ಬಾಡಿಗೆ ಬರುವ ಸಿದ್ಧ ಕಟ್ಟಡಗಳಲ್ಲಿರಬೇಕು, ಸಾಲ ಆಸ್ತಿಮೌಲ್ಯದ ಶೇ 49 ಮೀರಬಾರದು, ಹಂಚಬಹುದಾದ ನಗದಿನ ಶೇ 90 ಹಂಚಲೇಬೇಕು. ಇನ್ನೂ ಕಟ್ಟದ ಮಳಿಗೆಗೆ 'ಖಚಿತ ಮಾಸಿಕ ಬಾಡಿಗೆ' ಎಂದು ಹಣ ಕೇಳುವವರಲ್ಲಿ ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ.

ಜಾಗ ಕೊಡುವವರಾದರೆ, ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಕಂಪನಿಗೆ ಕೊಡುವ ಅಧಿಕಾರ ಪತ್ರ) ಕರಡನ್ನು ಸಾಲುಸಾಲಾಗಿ ಓದಿ 'ಅಡಮಾನ', 'ಆಧಾರ', 'ಭದ್ರತೆ' ಎಂಬ ಪದಗಳು ಎಲ್ಲಿವೆ ಎಂದು ಗುರುತು ಹಾಕಿ. ಕಂಪನಿ ತನ್ನ ಪಾಲಿನ ಕಟ್ಟಡವನ್ನು ಅಥವಾ ಲೀಸಿನ ಹಕ್ಕನ್ನು ಒತ್ತೆ ಇಡಲಿ. ನಿಮ್ಮ ಪಾಲಿನ ಜಾಗವನ್ನು ಒತ್ತೆ ಇಡುವ ಅಧಿಕಾರದ ಸಾಲನ್ನು ಹೊಡೆದುಹಾಕಿಸಿ, ಆಮೇಲೆ ಉಪನೋಂದಣಿ ಕಚೇರಿಗೆ ಹೋಗಿ.