ಎಲೆ ಮೇಲಿನ ದೂಳನ್ನು ತೂಗಿ ನೋಡಿ

ಇಳಕಲ್ ಸುತ್ತಮುತ್ತ ಗ್ರಾನೈಟ್ ಕ್ವಾರಿಗಳ ಹಾದಿಯಲ್ಲಿ ಓಡಾಡುವವರಿಗೆ ಗೊತ್ತು, ಮಳೆ ನಿಂತು ತಿಂಗಳಾದರೆ ಸಾಕು, ರಸ್ತೆ ಬದಿಯ ಗಿಡಗಳ ಹಸಿರೇ ಮಾಯ. ಗಾಳಿಯಲ್ಲಿದ್ದ ದೂಳನ್ನು ಎಲೆ ಹಿಡಿದಿಟ್ಟುಕೊಂಡಿದೆ. ಎಷ್ಟು ಹಿಡಿದಿದೆ ಅಂತ ನಾವೇ ತೂಗಬಹುದು.

ಒಂದೇ ರಸ್ತೆಯ ಪಕ್ಕದ ಒಂದು ಪೇರಲ ಗಿಡ, ಒಂದು ಹೊಂಗೆ ಮರ ಆರಿಸಿಕೊಳ್ಳಿ. ಎದೆಮಟ್ಟದಲ್ಲಿರುವ ಹತ್ತು ಹತ್ತು ಎಲೆಗಳ ತೊಟ್ಟಿಗೆ ದಾರ ಕಟ್ಟಿ, ಎರಡೂ ಬದಿ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಎಂಟು ದಿನ ಬಿಡಿ. ನಡುವೆ ಮಳೆ ಬಂದರೆ ಮೊದಲಿನಿಂದ ಶುರು ಮಾಡಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಅಲುಗಾಡಿಸದೆ ಕಿತ್ತು, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಆ ನೀರನ್ನು ಮೊದಲೇ ತೂಗಿಟ್ಟ ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ವಾಟ್‌ಮನ್ ಕಂಪನಿಯ 1ನೇ ನಂಬರಿನ ಕಾಗದ ಆದರೆ ಸುಮಾರು 11 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಸಣ್ಣ ಕಣ ಜಾರಿ ಹೋಗುತ್ತದೆ, 42ನೇ ನಂಬರಿನದು ಸಿಕ್ಕರೆ 2.5 ಮೈಕ್ರಾನ್‌ವರೆಗೂ ನಿಲ್ಲುತ್ತದೆ. ಕಾಗದ ಒಣಗಿದ ಮೇಲೆ ಬಂಗಾರದ ಅಂಗಡಿಯಲ್ಲಿ ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿಸಿ. ಇಲ್ಲೇ ಜಾಸ್ತಿ ಎಚ್ಚರ ಬೇಕು: ಕಾಗದ ಗಾಳಿಯ ತೇವ ಹೀರುತ್ತದೆ, ಆ ತೇವದ ತೂಕವೇ ದೂಳಿನ ತೂಕವನ್ನು ಮೀರಿಬಿಡಬಹುದು. ಅದಕ್ಕೇ ಇನ್ನೊಂದು ಕಾಗದದಲ್ಲಿ ಬರೀ ಡಿಸ್ಟಿಲ್ಡ್ ವಾಟರ್ ಸೋಸಿ, ಜೊತೆಗೇ ಒಣಗಿಸಿ, ಅದರ ತೂಕ ಎಷ್ಟು ಹೆಚ್ಚು ಕಡಿಮೆ ಆಯಿತೋ ಅಷ್ಟನ್ನು ಲೆಕ್ಕದಲ್ಲಿ ಸರಿಮಾಡಿಕೊಳ್ಳಿ.

ಎಲೆಗಳನ್ನು ಗ್ರಾಫ್ ಹಾಳೆ ಮೇಲಿಟ್ಟು ಗೆರೆ ಎಳೆದು ಚೌಕ ಎಣಿಸಿ. 600 ಚದರ ಸೆಂ.ಮೀ. ಎಲೆಯಲ್ಲಿ 48 ಮಿಲಿಗ್ರಾಂ ಸಿಕ್ಕಿತು ಅಂದುಕೊಳ್ಳಿ: ಎಂಟು ದಿನಕ್ಕೆ ಭಾಗಿಸಿದರೆ, ಒಂದು ಚದರ ಮೀಟರ್ ಎಲೆಗೆ ದಿನಕ್ಕೆ 100 ಮಿಲಿಗ್ರಾಂ.

ಪೇರಲ ಎಲೆಯ ನರಗಳ ನಡುವೆ ತಗ್ಗು, ಹಿಂಬದಿ ನವಿರಾದ ಕೂದಲು, ಹೊಂಗೆಯದು ನುಣುಪು. ಒರಟು ಎಲೆ ಸಾಮಾನ್ಯವಾಗಿ ಹೆಚ್ಚು ಹಿಡಿಯುತ್ತದೆ, ನಿಮ್ಮ ರಸ್ತೆಯಲ್ಲೂ ಹಾಗೇನಾ ನೋಡಿ. ದಪ್ಪ ಕಣ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ ಅಥವಾ ಗಾಳಿಯ ರಭಸಕ್ಕೆ ಎಲೆಗೆ ಬಡಿಯುತ್ತದೆ. ತೀರಾ ಸಣ್ಣದು ಅತ್ತಿತ್ತ ಅಲೆದಾಡುತ್ತಾ ತಾನೇ ಬಂದು ಅಂಟುತ್ತದೆ. ಇವೆರಡರ ನಡುವಿನದ್ದು, 0.1ರಿಂದ 1 ಮೈಕ್ರಾನ್ ಗಾತ್ರದ್ದು, ಗಾಳಿಯ ಜೊತೆ ಎಲೆಯನ್ನು ಬಳಸಿಕೊಂಡು ಮುಂದೆ ಹೋಗುವುದೇ ಹೆಚ್ಚು. ನಮ್ಮ ಪುಪ್ಪುಸದ ಆಳಕ್ಕೆ ಇಳಿಯುವುದರಲ್ಲಿ ಅದೂ ಇದೆ, ಮತ್ತು ನಮ್ಮ ಕಾಗದಕ್ಕೆ ಅದು ಸಿಗುವುದಿಲ್ಲ.

ಎಲೆ ದೂಳನ್ನಷ್ಟೇ ಹಿಡಿಯುವುದಿಲ್ಲ, ಗಾಳಿಯ ಜೊತೆ ಕೊಟ್ಟು ತೆಗೆದುಕೊಳ್ಳುವುದೂ ಇದೆ. ಬಿಸಿಲಲ್ಲಿ ಒಂದು ಟೊಂಗೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಒಂದು ತಾಸು ಬಿಡಿ, ಒಳಗೆ ನೀರಿನ ಹನಿ ಕಾಣುತ್ತದೆ. ಆ ನೀರು ಹೊರಬರುವ ಸಣ್ಣ ರಂಧ್ರಗಳಲ್ಲೇ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುತ್ತದೆ, ಓಝೋನ್, ಸಲ್ಫರ್ ಡೈಆಕ್ಸೈಡ್ ಕೂಡ ಹೋಗುತ್ತವೆ. ದೂಳು ಕೂತ ಎಲೆಗೆ ಬೆಳಕೂ ಕಡಿಮೆ. ರಸ್ತೆ ಬದಿಗೆ ದಾಳಿಂಬೆ, ದ್ರಾಕ್ಷಿ ತೋಟ ಇರುವವರು ಮೊದಲ ಸಾಲಿನ ಎಲೆ ಮತ್ತು ಹತ್ತನೇ ಸಾಲಿನ ಎಲೆ ಎರಡನ್ನೂ ಹೀಗೇ ತೂಗಿ ನೋಡಿ.