ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹಳೇ ಮೆನುವೇ ಯಾಕೆ ಇಟ್ಟೆ

ದಿನಸಿ ಅಂಗಡಿ, ಗೊಬ್ಬರದಂಗಡಿಗಳಿಗೆ ವಿಂಡೋಸ್‌ನಲ್ಲಿ ನಡೆಯುವ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡೋದು ನನ್ನ ಕೆಲಸ. ತೆರೆಯ ವಿನ್ಯಾಸದಲ್ಲಿ ನನ್ನ ಸ್ವಂತದ್ದು ಬಹಳ ಕಡಿಮೆ, ಬೇಕಂತಲೇ. ಎಫ್1 ಒತ್ತಿದರೆ ಸಹಾಯ, ಆಲ್ಟ್ ಎಫ್4 ಒತ್ತಿದರೆ ಕಿಟಕಿ ಮುಚ್ಚಬೇಕು. ಇವು ಎಲ್ಲ ಸಾಫ್ಟ್‌ವೇರ್‌ಗಳ ಮೆನು, ಕೀಲಿಗಳು ಒಂದೇ ಥರ ಇರಲಿ ಅಂತ ಐಬಿಎಂ 1987ರಲ್ಲಿ ತಂದ ಸಿಯುಎ ನಿಯಮಗಳ ಕಾಲದವು. ಕಟ್, ಕಾಪಿ, ಪೇಸ್ಟ್‌ನ ಎಕ್ಸ್, ಸಿ, ವಿ ಆಪಲ್‌ನ ಹಳೇ ಕಂಪ್ಯೂಟರ್ ಲೀಸಾದಿಂದ ಬಂದವು. ಬಿಲ್ ಹಾಕುವವರ ಕಣ್ಣು ಸಾಮಾನಿನ ಮೇಲಿರುತ್ತದೆ, ತೆರೆ ನೋಡೋದು ಆಗೊಮ್ಮೆ ಈಗೊಮ್ಮೆ. ಬೆರಳಿಗೆ ಆಗಲೇ ಗೊತ್ತಿರುವುದನ್ನು ನಾನ್ಯಾಕೆ ಬದಲಿಸಲಿ?

ತಕರಾರು ಬಂದದ್ದು ಎಂಟರ್ ಕೀಲಿಯಲ್ಲಿ. ವಿಂಡೋಸ್ ಪದ್ಧತಿಯಲ್ಲಿ ಟ್ಯಾಬ್ ಒತ್ತಿದರೆ ಮುಂದಿನ ಖಾನೆ, ಎಂಟರ್ ಅಂದರೆ ‘ಸರಿ’. ಆದರೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪಳಗಿದವರು ಮುಂದಿನ ಖಾನೆಗೆ ಹೋಗೋದೇ ಎಂಟರ್‌ನಿಂದ. ಪುಸ್ತಕದ ನಿಯಮ ಹಿಡಿದು ಕೂತರೆ ಅರ್ಧ ಬಿಲ್ ಸೇವ್ ಆಗಿಬಿಡುತ್ತದೆ, ಅಲ್ವಾ? ಹಾಗಾಗಿ ಸಾಮಾನಿನ ಪಟ್ಟಿಯೊಳಗೆ ಎಂಟರ್ ಮುಂದಿನ ಖಾನೆಗೆ ಒಯ್ಯುತ್ತದೆ. ‘ಸೇವ್ ಮಾಡಲೇ?’ ಅಂತ ಕೇಳುವ ಚಿಕ್ಕ ಕಿಟಕಿಯಲ್ಲಿ ವಿಂಡೋಸ್ ಪದ್ಧತಿಯೇ. ಎಸ್ಕೇಪ್ ಮಾತ್ರ ಎಲ್ಲ ಕಡೆ ಹಿಂದಕ್ಕೆ.

ಮೆನುವನ್ನು ಕನ್ನಡಕ್ಕೆ ತಂದಾಗ ಇನ್ನೊಂದು ಪೇಚು. ಆಲ್ಟ್ ಜೊತೆ ಒತ್ತುವ ಅಕ್ಷರದ ಕೆಳಗೆ ಗೆರೆ ಇರಬೇಕು. ಆದರೆ ಕನ್ನಡ ಟೈಪ್ ಮಾಡಲು ಕೀಲಿಮಣೆಯ ವಿನ್ಯಾಸ ಒಂದೇ ಅಲ್ಲ: ‘ಸ’ ಅಕ್ಷರ ‘ನುಡಿ’ ವಿನ್ಯಾಸದಲ್ಲಿ ಎಸ್ ಕೀಲಿಯಲ್ಲಿದೆ, ‘ಇನ್‌ಸ್ಕ್ರಿಪ್ಟ್‌’ ವಿನ್ಯಾಸದಲ್ಲಿ ಎಂ ಕೀಲಿಯಲ್ಲಿ. ಯಾವುದನ್ನು ನಂಬೋದು? ಕೊನೆಗೆ ‘ಕಡತ’ (ಫೈಲ್) ಮೆನುವಿನ ಪಕ್ಕ ಆವರಣದಲ್ಲಿ ಇಂಗ್ಲಿಷಿನ ಎಫ್ ಅಕ್ಷರ ಇಟ್ಟೆ. ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನ ಕನ್ನಡ ಅನುವಾದದಲ್ಲೂ ಹೀಗೇ ಮಾಡಿದ್ದಾರೆ. ನೋಡಲು ಅಂದವಿಲ್ಲ, ಕೆಲಸ ನಡೆಯುತ್ತದೆ.

ಸದ್ಯಕ್ಕೆ ಆಗದ ಆಯ್ಕೆಯನ್ನು ಮರೆಮಾಡುವುದಿಲ್ಲ, ಮಸುಕು ಮಾಡುತ್ತೇನೆ. ಮರೆಯಾದರೆ ‘ಪ್ರಿಂಟ್ ಎಲ್ಲಿ ಹೋಯ್ತು?’ ಅಂತ ಫೋನ್ ಬರುತ್ತದೆ. ಒತ್ತಿದ ಮೇಲೆ ಇನ್ನೂ ಏನಾದರೂ ಕೇಳುವ ಆಯ್ಕೆಯ ಮುಂದೆ ಮೂರು ಚುಕ್ಕಿ.

ಬಟನ್, ಪಟ್ಟಿಗಳೆಲ್ಲ ವಿಂಡೋಸ್ ಕೊಡುವ ಮಾಮೂಲಿ ಸರಕೇ. ಕಣ್ಣು ಕಾಣದವರಿಗೆ ತೆರೆಯನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಅವುಗಳ ಹೆಸರನ್ನು ತಾನೇ ಓದುತ್ತದೆ. ನಾವೇ ಚಿತ್ರ ಬರೆದು ಬಟನ್ ಮಾಡಿದರೆ ಅದಕ್ಕೆಂದೇ ಬೇರೆ ಕೋಡ್ ಬೇಕು, ಇಲ್ಲದಿದ್ದರೆ ಅದು ಮೂಕ.

ಮಾಲೀಕರ ಮಕ್ಕಳು ‘ಮೊಬೈಲ್ ಆ್ಯಪ್ ಥರ ಮಾಡಿಕೊಡಿ, ಅಂಕಲ್’ ಅನ್ನುತ್ತಾರೆ. ಅವರಿಗೆ ದೊಡ್ಡ ಐಕಾನ್‌ಗಳ ಟೂಲ್‌ಬಾರ್ ಇದೆ. ವ್ಯೂ ಮೆನುವಿಗೆ ಹೋಗಿ ಆನ್ ಮಾಡಿಕೊಳ್ಳಬೇಕು, ಅಷ್ಟೇ.